ಬಂದರಿನ ಹೊರಗೆ ಹಡಗುಗಳ ಸಾಲು: ಕಾಯುವವರು ಯಾರು, ಗಳಿಸುವವರು ಯಾರು?

ಸಿಂಗಾಪುರ ಜಗತ್ತಿನ ಎರಡನೇ ಅತಿ ದೊಡ್ಡ ಕಂಟೈನರ್ ಬಂದರು. 20 ಅಡಿ ಪೆಟ್ಟಿಗೆಯ ಲೆಕ್ಕದಲ್ಲಿ ಹೇಳುವುದಾದರೆ 2023ರಲ್ಲಿ ಅಲ್ಲಿ ಹತ್ತಿಳಿದದ್ದು ಸುಮಾರು 3.9 ಕೋಟಿ ಪೆಟ್ಟಿಗೆ. ಶಿಸ್ತಿಗೂ ವೇಗಕ್ಕೂ ಹೆಸರಾದ ಆ ಬಂದರಿನಲ್ಲೇ 2024ರ ಮೇ, ಜೂನ್ ತಿಂಗಳುಗಳಲ್ಲಿ ಕಂಟೈನರ್ ಹಡಗುಗಳು ಒಳಗೆ ಬರಲು ಜಾಗವಿಲ್ಲದೆ ಎರಡು ಮೂರು ದಿನ ಹೊರಗೆ ಲಂಗರು ಹಾಕಿ ನಿಂತವು. ಕೆಲವು ಒಂದು ವಾರವೇ ಕಾದವು. ಮೊದಲು ಒಂದು ದಿನವೂ ಕಾಯಬೇಕಾಗಿರಲಿಲ್ಲ. ಕೈಬಿಟ್ಟಿದ್ದ ಕೆಪ್ಪೆಲ್‌ನ ಹಳೆ ದಕ್ಕೆಗಳನ್ನು ಮತ್ತೆ ತೆರೆಯುವ ಪರಿಸ್ಥಿತಿ ಸಿಂಗಾಪುರಕ್ಕೆ ಬಂತು. ಮಲೇಷ್ಯಾದ ಪೋರ್ಟ್ ಕ್ಲಾಂಗ್, ಶ್ರೀಲಂಕಾದ ಕೊಲಂಬೊ, ದುಬೈಯ ಜೆಬೆಲ್ ಅಲಿಯಲ್ಲೂ ಆಗ ಇದೇ ರಗಳೆ ಇತ್ತು.

ಸಮುದ್ರದಲ್ಲಿ ಹಡಗು ನಿಂತರೆ ನಮಗೇನು ಅಂತ ಕೇಳಬಹುದು. ವ್ಯಾಪಾರವನ್ನೇ ನಂಬಿ ಬಂದ ಸಮುದಾಯ ನಮ್ಮದು. ನಮ್ಮವರಲ್ಲಿ ಬಂದರಿನ ಗೋದಾಮಿನಲ್ಲಿ ದುಡಿಯುವವರಿದ್ದಾರೆ, ದುಬೈ, ಜಿದ್ದಾದಲ್ಲಿ ದಿನಸಿ ಅಂಗಡಿ ನಡೆಸುವವರಿದ್ದಾರೆ, ಹಡಗಿನಲ್ಲೇ ನೌಕರಿ ಮಾಡುವವರೂ ಇದ್ದಾರೆ. ಹಾಗಾಗಿ ಈ ಸಾಲು ಯಾಕೆ ಬೆಳೆಯಿತು, ಅದರ ಖರ್ಚು ಯಾರ ತಲೆಗೆ ಬಿತ್ತು ಎಂಬುದನ್ನು ನಾವು ತಿಳಿದುಕೊಳ್ಳಬೇಕು.

ಮೂಲ ಇದ್ದದ್ದು ಕೆಂಪು ಸಮುದ್ರದಲ್ಲಿ. ಗಾಝಾದ ಮೇಲೆ ಯುದ್ಧ ಶುರುವಾದ ಬಳಿಕ, 2023ರ ನವೆಂಬರ್ 19ರಂದು ಯೆಮನ್‌ನ ಹೂಥಿಗಳು 'ಗ್ಯಾಲಕ್ಸಿ ಲೀಡರ್' ಎಂಬ ಹಡಗನ್ನು ವಶಪಡಿಸಿಕೊಂಡರು. ಆಮೇಲೆ ಕ್ಷಿಪಣಿ, ಡ್ರೋನ್ ದಾಳಿಗಳು ಸಾಲಾಗಿ ನಡೆದವು. ದೊಡ್ಡ ಹಡಗು ಕಂಪೆನಿಗಳು ಒಂದರ ಹಿಂದೆ ಒಂದರಂತೆ ಸುಯೆಝ್ ಕಾಲುವೆಯ ದಾರಿ ಬಿಟ್ಟು ಆಫ್ರಿಕಾದ ತುದಿಯ ಗುಡ್ ಹೋಪ್ ಭೂಶಿರ ಸುತ್ತಿ ಹೋಗತೊಡಗಿದವು. ಸಿಂಗಾಪುರದಿಂದ ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮ್‌ಗೆ ಈ ಸುತ್ತಿನಿಂದ ಸುಮಾರು 3,500 ನಾಟಿಕಲ್ ಮೈಲಿ ಹೆಚ್ಚು. ಹೋಗುವುದಕ್ಕೆ ಹತ್ತು ದಿನ ಜಾಸ್ತಿ, ವಾಪಸ್ ಬರುವುದಕ್ಕೆ ಇನ್ನೊಂದು ಹತ್ತು ದಿನ.

ದಾರಿ ಉದ್ದವಾದರೆ ಸರಕು ತಡವಾಗಿ ಬರಬೇಕು, ಅಷ್ಟೇ ಅಲ್ವಾ? ಬಂದರಿನಲ್ಲಿ ಗದ್ದಲ ಯಾಕೆ? ಇದನ್ನು ಮದ್ರಸದ ಮಕ್ಕಳನ್ನು ನೋಡಿ ತಿಳಿಯಬಹುದು. ನೂರು ಮಕ್ಕಳು ಒಬ್ಬೊಬ್ಬರಾಗಿ ಕೈಕಾಲು ತೊಳೆಯಲು ಬಂದರೆ ಹತ್ತು ನಳ್ಳಿ ಧಾರಾಳ ಸಾಕು. ನೂರೂ ಮಕ್ಕಳು ಒಮ್ಮೆಲೇ ನುಗ್ಗಿದರೆ ಐವತ್ತು ನಳ್ಳಿಯೂ ಸಾಲದು. ಮಕ್ಕಳ ಸಂಖ್ಯೆ ಹೆಚ್ಚಾಗಲಿಲ್ಲ, ಬರುವ ಹೊತ್ತು ತಪ್ಪಿತು. ಕಂಟೈನರ್ ಹಡಗುಗಳೂ ಹಾಗೆಯೇ. ಅವು ಬಸ್ಸಿನ ಹಾಗೆ ವೇಳಾಪಟ್ಟಿ ಹಿಡಿದು ಓಡುವಂಥವು. ವಾರದ ಇಂಥ ದಿನ ಇಂಥ ಬಂದರು ಅಂತ ನಿಗದಿ ಇರುತ್ತದೆ. ಸುತ್ತು ಹಾಕಿ ಬರುವಾಗ ಆ ಲೆಕ್ಕವೆಲ್ಲ ಕೆಟ್ಟು, ಬೇರೆ ಬೇರೆ ದಿನ ಬರಬೇಕಾದ ನಾಲ್ಕಾರು ಹಡಗುಗಳು ಒಟ್ಟಿಗೇ ಬಂದು ಬಾಗಿಲು ತಟ್ಟುತ್ತವೆ.

ಇನ್ನೊಂದು ಕಾರಣವೂ ಇದೆ. ಮೊದಲೇ ತಡವಾದ ಹಡಗು ಮುಂದಿನ ಸಣ್ಣ ಬಂದರುಗಳಿಗೆ ಹೋಗದೆ ಅಲ್ಲಿಯ ಪೆಟ್ಟಿಗೆಗಳನ್ನೂ ಸಿಂಗಾಪುರದಲ್ಲೇ ಇಳಿಸಿ ಹೊರಟುಬಿಡುತ್ತದೆ. ಅವುಗಳನ್ನು ಬೇರೆ ಹಡಗು ಬಂದು ಒಯ್ಯಬೇಕು. ಅದು ಬರುವ ತನಕ ಪೆಟ್ಟಿಗೆಗಳು ಅಂಗಳದಲ್ಲೇ ಒಂದರ ಮೇಲೊಂದು ಕೂತಿರುತ್ತವೆ. ಅಂಗಳ ತುಂಬಿದ ಮೇಲೆ ಅಡಿಯಲ್ಲಿರುವ ಒಂದು ಪೆಟ್ಟಿಗೆ ತೆಗೆಯಬೇಕಾದರೆ ಮೇಲಿನ ನಾಲ್ಕನ್ನು ಎತ್ತಿಡಬೇಕು. ಕ್ರೇನ್ ನಿಧಾನವಾಗುತ್ತದೆ, ಹಡಗು ಹೊರಡುವುದು ತಡವಾಗುತ್ತದೆ, ಹೊರಗಿನ ಸಾಲು ಬೆಳೆಯುತ್ತದೆ. ಇದರ ಮೇಲೆ 2024ರ ಮೇ 14ರಂದು ಅಮೆರಿಕ ಚೀನಾದ ಕೆಲವು ಸರಕುಗಳ ಮೇಲೆ ಸುಂಕ ಏರಿಸುವುದಾಗಿ ಘೋಷಿಸಿತು. ಬೆಲೆ ಏರುವ ಮೊದಲೇ ತರಿಸಿಕೊಳ್ಳೋಣ ಅಂತ ಅನೇಕರು ಮುಂಗಡವಾಗಿ ಸರಕು ಹೊರಡಿಸಿದರು. ವರ್ಷದ ಕೊನೆಗೆ ಬರುವ ರಶ್ಶು ಮಧ್ಯದಲ್ಲೇ ಬಂತು.

ಈಗ ದುಡ್ಡಿನ ಮಾತಿಗೆ ಬರೋಣ. ಲಂಡನ್‌ನ ಡ್ರೂರಿ ಸಂಸ್ಥೆ ಪ್ರತಿ ವಾರ 40 ಅಡಿ ಕಂಟೈನರಿನ ಸರಾಸರಿ ಬಾಡಿಗೆ ಪ್ರಕಟಿಸುತ್ತದೆ. 2023ರ ನವೆಂಬರ್‌ನಲ್ಲಿ ಅದು 1,400 ಡಾಲರ್ ಆಸುಪಾಸಿನಲ್ಲಿತ್ತು. 2024ರ ಜುಲೈಯಲ್ಲಿ 5,900 ಡಾಲರ್ ದಾಟಿತು. ನಾಲ್ಕು ಪಟ್ಟು! ಪೆಟ್ಟಿಗೆ ಅದೇ, ಸರಕು ಅದೇ. ಸುತ್ತು ದಾರಿಗೆ ಹೆಚ್ಚು ಎಣ್ಣೆ ಬೇಕು, ಹೆಚ್ಚು ಹಡಗು ಬೇಕು, ವಿಮೆಯೂ ದುಬಾರಿ ನಿಜ. ಪ್ರಾಣಾಪಾಯ ಇರುವ ದಾರಿಯಲ್ಲಿ ಕಾರ್ಮಿಕರನ್ನು ಕಳಿಸಿ ಅಂತ ಯಾರೂ ಹೇಳುವುದಿಲ್ಲ. ಆದರೆ ಖರ್ಚು ನಾಲ್ಕು ಪಟ್ಟು ಆಗಿರಲಿಲ್ಲ. ಜಾಗ ಕಡಿಮೆ, ಕೇಳುವವರು ಜಾಸ್ತಿ ಆದಾಗ ಬೆಲೆ ಏರುತ್ತದೆ. 2024ರ ಜೂನ್ 3ರಂದು ಡೆನ್ಮಾರ್ಕ್‌ನ ಮಾರ್ಸ್ಕ್ ಕಂಪೆನಿ ಆ ವರ್ಷದ ತನ್ನ ಲಾಭದ ಅಂದಾಜನ್ನು ಏರಿಸಿತು. ಕೊಟ್ಟ ಕಾರಣಗಳಲ್ಲಿ ಒಂದು ಏಷ್ಯಾ ಮತ್ತು ಮಧ್ಯಪ್ರಾಚ್ಯದ ಬಂದರುಗಳಲ್ಲಿನ ದಟ್ಟಣೆ. ಅಂದರೆ ಸಾಲಿನಲ್ಲಿ ನಿಂತವನಿಗೆ ಯಾವುದು ನಷ್ಟವೋ, ಹಡಗಿನ ಯಜಮಾನನಿಗೆ ಅದೇ ಲಾಭ.

ಇದು ಹೊಸ ಕಥೆಯಲ್ಲ. ಕೊರೋನ ಕಾಲದಲ್ಲಿ ಇದನ್ನೇ ನೋಡಿದ್ದೇವೆ. 2021ರ ಮಾರ್ಚ್‌ನಲ್ಲಿ 400 ಮೀಟರ್ ಉದ್ದದ 'ಎವರ್ ಗಿವನ್' ಸುಯೆಝ್‌ನಲ್ಲಿ ಅಡ್ಡ ನಿಂತು ಆರು ದಿನ ಕಾಲುವೆಯೇ ಬಂದ್ ಆಯಿತು. ಅದೇ ವರ್ಷ ಚೀನಾದ ಯಾಂಟಿಯಾನ್, ನಿಂಗ್ಬೋ ಬಂದರುಗಳ ಕೆಲಸ ಸೋಂಕಿನ ಭಯದಿಂದ ಭಾಗಶಃ ನಿಂತಿತು. ಅಮೆರಿಕದ ಲಾಸ್ ಏಂಜಲೀಸ್, ಲಾಂಗ್ ಬೀಚ್ ಬಂದರುಗಳಿಗೆ ಕಾಯುವ ಹಡಗುಗಳ ಸಂಖ್ಯೆ 2022ರ ಜನವರಿಯಲ್ಲಿ 109ಕ್ಕೆ ಮುಟ್ಟಿತು. ಆ ವರ್ಷ ಮಾರ್ಸ್ಕ್ ಒಂದೇ ಕಂಪೆನಿ 29 ಬಿಲಿಯನ್ ಡಾಲರ್‌ಗೂ ಹೆಚ್ಚು ನಿವ್ವಳ ಲಾಭ ಮಾಡಿತು. ಸಾಲು ಕರಗಿದ ಮರುವರ್ಷ ಅದು 4 ಬಿಲಿಯನ್‌ಗಿಂತ ಕೆಳಗಿಳಿಯಿತು. ಜಗತ್ತಿನ ಕಂಟೈನರ್ ಸಾಗಾಟದ ಶೇ. 80ಕ್ಕೂ ಹೆಚ್ಚು ಪಾಲು ಹತ್ತು ಕಂಪೆನಿಗಳ ಕೈಯಲ್ಲಿರುವಾಗ ಗಿರಾಕಿ ಬೇರೆ ಕಡೆ ಹೋಗುತ್ತೇನೆ ಅಂದರೂ ಹೋಗುವುದೆಲ್ಲಿಗೆ?

ಖರ್ಚು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ವಿಶ್ವಸಂಸ್ಥೆಯ ವ್ಯಾಪಾರ ಸಂಸ್ಥೆ ಅಂಕ್ಟಾಡ್ 2021ರಲ್ಲಿ ಒಂದು ಲೆಕ್ಕ ಕೊಟ್ಟಿತ್ತು. ಆಗಿನ ಬಾಡಿಗೆ ಹಾಗೆಯೇ ಮುಂದುವರಿದರೆ ಜಗತ್ತಿನಲ್ಲಿ ಗ್ರಾಹಕರು ಕೊಡುವ ಬೆಲೆ ಶೇ. 1.5 ಏರಬಹುದು, ಸಣ್ಣ ದ್ವೀಪ ದೇಶಗಳಲ್ಲಿ ಮಾತ್ರ ಶೇ. 7.5 ಏರಬಹುದು ಅಂತ. ಅಕ್ಕಿಯಿಂದ ಸಿಮೆಂಟಿನವರೆಗೆ ಹಡಗಿನಲ್ಲೇ ತರಿಸಬೇಕಾದವನಿಗೆ ಪೆಟ್ಟು ಐದು ಪಟ್ಟು. ದೊಡ್ಡ ಅಂಗಡಿ ಕಂಪೆನಿಗಳು ಹಡಗಿನವರ ಜೊತೆ ವರ್ಷದ ಕರಾರು ಮಾಡಿಕೊಂಡಿರುತ್ತವೆ. ತಿಂಗಳಿಗೆ ಒಂದೋ ಎರಡೋ ಕಂಟೈನರ್ ಕಳಿಸುವ ಸಣ್ಣ ವ್ಯಾಪಾರಿ ಆ ವಾರದ ರೇಟು ಕೊಡಬೇಕು. ಕೊಟ್ಟರೂ ಜಾಗ ಸಿಗುವ ಗ್ಯಾರಂಟಿ ಇಲ್ಲ.

ನಮ್ಮ ಜಿಲ್ಲೆಗೆ ಇದರ ಬಿಸಿ ಹೇಗೆ ತಟ್ಟುತ್ತದೆ ನೋಡಿ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರಿನ ಕಾಫಿ ಘಾಟಿ ಇಳಿದು ಪಣಂಬೂರಿನ ನವಮಂಗಳೂರು ಬಂದರಿನಿಂದ ಹೊರಡುತ್ತದೆ. ಅದರ ದೊಡ್ಡ ಗಿರಾಕಿಗಳು ಇಟಲಿ, ಜರ್ಮನಿಯಂಥ ಯುರೋಪಿನ ದೇಶಗಳು. ಅಂದರೆ ನೇರ ಕೆಂಪು ಸಮುದ್ರದ ದಾರಿ. ಯುರೋಪಿಗೆ ಹೋಗುವ ಆ ಭಾರೀ ಹಡಗುಗಳು ಪಣಂಬೂರಿಗೆ ಬರುವುದಿಲ್ಲ. ಇಲ್ಲಿಂದ ಸಣ್ಣ ಫೀಡರ್ ಹಡಗು ಪೆಟ್ಟಿಗೆಯನ್ನು ಕೊಲಂಬೊದಂಥ ದೊಡ್ಡ ಬಂದರಿಗೆ ಮುಟ್ಟಿಸಬೇಕು, ಅಲ್ಲಿ ದೊಡ್ಡ ಹಡಗಿಗೆ ಏರಿಸಬೇಕು. ಕೊಲಂಬೊದಲ್ಲಿ ಸಾಲು ಬೆಳೆದರೆ ಮಂಗಳೂರಿನ ಪೆಟ್ಟಿಗೆ ದೊಡ್ಡ ಹಡಗು ತಪ್ಪಿಸಿಕೊಂಡು ಮುಂದಿನದಕ್ಕೆ ಕಾಯಬೇಕು. ನಮ್ಮ ಗೋಡಂಬಿ ಕಾರ್ಖಾನೆಗಳಿಗೆ ಆಫ್ರಿಕಾದಿಂದ ಬರುವ ಕಚ್ಚಾ ಗೋಡಂಬಿಯದ್ದೂ ಇದೇ ಪಾಡು. ಪಶ್ಚಿಮ ಆಫ್ರಿಕಾದ ಸರಕಿಗೂ ಕೆಂಪು ಸಮುದ್ರಕ್ಕೂ ಸಂಬಂಧವೇ ಇಲ್ಲ. ಆದರೆ ಪೆಟ್ಟಿಗೆ ಅದೇ, ಹಡಗು ಅವೇ, ದಟ್ಟಣೆಯ ಬಂದರೂ ಅದೇ. ಸರಕು ತಡವಾದರೆ ಗೋಡಂಬಿ ಸಿಪ್ಪೆ ತೆಗೆಯುವ ಹೆಂಗಸಿನ ಕೆಲಸವೂ ತಪ್ಪುತ್ತದೆ. ಆಕೆಗೆ ಸಿಂಗಾಪುರ ಎಲ್ಲಿದೆ ಅಂತಲೂ ಗೊತ್ತಿರಬೇಕಾಗಿಲ್ಲ.

ಗಲ್ಫಿನಲ್ಲಿರುವ ನಮ್ಮವರಿಗೂ ಇದು ತಟ್ಟಿತು. ಜಿದ್ದಾ ಇರುವುದೇ ಕೆಂಪು ಸಮುದ್ರದ ದಡದಲ್ಲಿ. ಬಾಬಲ್ ಮಂದಬ್ ದಾಟಲು ಹಡಗುಗಳು ಹೆದರಿದ ಮೇಲೆ ಪೂರ್ವದ ಸರಕನ್ನು ಜೆಬೆಲ್ ಅಲಿಯಲ್ಲೋ ದಮ್ಮಾಮ್‌ನಲ್ಲೋ ಇಳಿಸಿ ಲಾರಿಯಲ್ಲಿ ಮರುಭೂಮಿ ದಾಟಿಸುವ ಏರ್ಪಾಡು ಶುರುವಾಯಿತು. ಜೆಬೆಲ್ ಅಲಿಯ ಮೇಲೆ ಭಾರ ಹೆಚ್ಚಾಯಿತು. 2024ರ ಏಪ್ರಿಲ್ 16ರ ಮಹಾಮಳೆಯೂ ದುಬೈಯನ್ನು ಮುಳುಗಿಸಿತು. ಇಂಥ ಲಾರಿ ಬಾಡಿಗೆ ಕೊನೆಗೆ ಸೇರುವುದು ಬಕಾಲದ ಕಪಾಟಿನಲ್ಲಿರುವ ಸಾಮಾನಿನ ಬೆಲೆಗೆ.

ಇಲ್ಲಿ ನಾವು ಮನಸ್ಸಿಗೆ ಕಷ್ಟವಾದರೂ ಒಂದು ಮಾತು ಹೇಳಲೇಬೇಕು. ಗಾಝಾದ ಮಕ್ಕಳ ಮೇಲೆ ನಡೆದದ್ದನ್ನು ಕಂಡು ಮರುಗದವರು ನಮ್ಮಲ್ಲಿ ಯಾರೂ ಇಲ್ಲ. ಅವರಿಗಾಗಿಯೇ ಹಡಗು ತಡೆಯುತ್ತೇವೆ ಎಂದು ಹೂಥಿಗಳು ಹೇಳಿದರು. ಆದರೆ ತಡೆದದ್ದರ ಭಾರ ಹೊತ್ತವರು ಯಾರು? ಸುಯೆಝ್ ಕಾಲುವೆಯಿಂದ ಈಜಿಪ್ಟ್‌ಗೆ ಬರುತ್ತಿದ್ದ ವರಮಾನ ಒಂದು ಹಣಕಾಸು ವರ್ಷದಲ್ಲಿ 9.4 ಬಿಲಿಯನ್ ಡಾಲರ್‌ನಿಂದ 7.2 ಬಿಲಿಯನ್‌ಗೆ ಕುಸಿಯಿತು. ಅಂತರ್ಯುದ್ಧದಲ್ಲಿ ಬೇಯುತ್ತಿರುವ ಸುಡಾನ್‌ನ ಮುಖ್ಯ ಬಂದರು ಇರುವುದು ಕೆಂಪು ಸಮುದ್ರದಲ್ಲೇ. ಯೆಮನ್ ತಾನು ತಿನ್ನುವ ಆಹಾರದ ಬಹುಪಾಲನ್ನು ಹೊರಗಿನಿಂದ ತರಿಸುತ್ತದೆ. 2024ರ ಮಾರ್ಚ್ 6ರಂದು 'ಟ್ರೂ ಕಾನ್ಫಿಡೆನ್ಸ್' ಹಡಗಿನ ಮೇಲೆ ಬಿದ್ದ ಕ್ಷಿಪಣಿಗೆ ಬಲಿಯಾದ ಮೂವರು ಸಂಬಳಕ್ಕೆ ದುಡಿಯುವ ನಾವಿಕರು. 'ಗ್ಯಾಲಕ್ಸಿ ಲೀಡರ್'ನ 25 ಸಿಬ್ಬಂದಿ 2025ರ ಜನವರಿಯ ತನಕ ಬಂಧನದಲ್ಲಿದ್ದರು. ದೊಡ್ಡ ಹಡಗು ಕಂಪೆನಿಗಳಿಗೆ ಮಾತ್ರ ಲಾಭ ಹೆಚ್ಚಿತು. ಅನ್ಯಾಯಕ್ಕೆ ಉತ್ತರ ಅಂತ ಕೊಟ್ಟ ಪೆಟ್ಟು ಬಡವನ ಬೆನ್ನಿಗೇ ಬಿದ್ದರೆ ಅದನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಯುದ್ಧ ನಿಲ್ಲುವುದೇ ಇದಕ್ಕೆ ಸರಿಯಾದ ಮದ್ದು.

ಅಲ್ಲಿಯ ತನಕ ನಮ್ಮ ಕೈಯಲ್ಲಿ ಆಗುವುದೇನೂ ಇಲ್ಲವೇ? ಇದೆ. ಬಂದರಿನಲ್ಲಿ ಪೆಟ್ಟಿಗೆ ನಿಗದಿತ ದಿನಕ್ಕಿಂತ ಹೆಚ್ಚು ಇದ್ದರೆ ವ್ಯಾಪಾರಿ ಡೆಮರೇಜ್ ಕಟ್ಟಬೇಕು, ಖಾಲಿ ಪೆಟ್ಟಿಗೆ ತಡವಾಗಿ ಮರಳಿಸಿದರೆ ಡಿಟೆನ್ಶನ್ ಕಟ್ಟಬೇಕು. ದಟ್ಟಣೆಯ ಕಾಲದಲ್ಲಿ ತಪ್ಪು ಬಂದರಿನದ್ದೋ ಹಡಗಿನದ್ದೋ ಆಗಿದ್ದರೂ ಬಿಲ್ಲು ಮಾತ್ರ ವ್ಯಾಪಾರಿಯ ಹೆಸರಿಗೆ ಬರುತ್ತದೆ. ಕೊರೋನ ಕಾಲದಲ್ಲಿ ಇದರಿಂದ ರೋಸಿಹೋದ ಅಮೆರಿಕ 2022ರಲ್ಲಿ ಕಾನೂನು ತಿದ್ದಿತು. 2024ರ ಮೇ 28ರಿಂದ ಅಲ್ಲಿ ಹೊಸ ನಿಯಮ ಜಾರಿಯಾಗಿದೆ. ಅದರ ಪ್ರಕಾರ ಬಿಲ್ಲು 30 ದಿನದೊಳಗೆ ಕೊಡಬೇಕು, ಲೆಕ್ಕ ಬಿಡಿಸಿ ತೋರಿಸಬೇಕು, ತಕರಾರು ಎತ್ತಲು ವ್ಯಾಪಾರಿಗೆ ಕನಿಷ್ಠ 30 ದಿನ ಬಿಡಬೇಕು. ಇಷ್ಟಾದರೂ ರಕ್ಷಣೆ ನಮ್ಮ ಸಣ್ಣ ರಫ್ತುದಾರನಿಗೂ ಬೇಕೆಂದು ನಮ್ಮ ವ್ಯಾಪಾರಿ ಸಂಘಗಳು, ಸಂಸದರು ದಿಲ್ಲಿಯಲ್ಲಿ ಕೇಳಬೇಕು.

ಎರಡನೆಯದು ದೊಡ್ಡ ಬಂದರಿನ ವಿಷಯ. ಹಡಗು ಬದಲಾಯಿಸಿ ಹೋಗುವ ಭಾರತದ ಸರಕಿನಲ್ಲಿ ಸುಮಾರು ಮುಕ್ಕಾಲು ಪಾಲು ವಿದೇಶಿ ಬಂದರುಗಳ ಮೂಲಕವೇ ಸಾಗುತ್ತದೆ. 2024ರ ಜುಲೈ 11ರಂದು ಕೇರಳದ ವಿಳಿಂಞಂಗೆ ಮೊದಲ ದೊಡ್ಡ ಕಂಟೈನರ್ ಹಡಗು 'ಸಾನ್ ಫೆರ್ನಾಂಡೊ' ಬಂದು ತಲುಪಿತು. ಆಳದ ದಕ್ಕೆ ಇರುವ ಆ ಬಂದರು ಬೆಳೆದರೆ ಮಂಗಳೂರಿನ ಪೆಟ್ಟಿಗೆಗೆ ಕೊಲಂಬೊ ಒಂದೇ ಗತಿ ಎಂಬ ಸ್ಥಿತಿ ತಪ್ಪಬಹುದು. ಆದರೆ ದಕ್ಕೆ ಕಟ್ಟಿದ ಮಾತ್ರಕ್ಕೆ ಆಗುವುದಿಲ್ಲ. ಪಣಂಬೂರಿನಿಂದ ಅಲ್ಲಿಗೆ ವಾರ ವಾರ ತಪ್ಪದೆ ಹೋಗುವ ಫೀಡರ್ ಹಡಗು ಬೇಕು, ಘಾಟಿ ರಸ್ತೆ ಮಳೆಗಾಲದಲ್ಲೂ ತೆರೆದಿರಬೇಕು. 2024ರ ಮಳೆಯಲ್ಲಿ ಶಿರಾಡಿಯ ಪಾಡು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ನಮ್ಮ ಯುವಕರಿಗೆ. ಹೊಸದಾಗಿ ರಫ್ತು, ಆಮದಿಗೆ ಇಳಿಯುವವರು ಸರಕಿನ ಬೆಲೆ ಮಾತ್ರ ನೋಡಿ ಕರಾರು ಮಾಡಬಾರದು. ಬಾಡಿಗೆ ಏರಿದರೆ ಯಾರು ಕೊಡುವುದು, ತಡವಾದರೆ ದಂಡ ಯಾರಿಗೆ ಎಂಬುದನ್ನು ಮೊದಲೇ ಬರೆಸಿಕೊಳ್ಳಬೇಕು. ಒಬ್ಬೊಬ್ಬರಾಗಿ ಒಂದೊಂದು ಕಂಟೈನರಿಗೆ ಓಡಾಡುವ ಬದಲು ಹತ್ತು ಮಂದಿ ಸೇರಿ ವರ್ಷದ ಕರಾರಿಗೆ ಕೂತರೆ ಹಡಗಿನವರೂ ಮಾತಿಗೆ ಬರುತ್ತಾರೆ. ಸಾಲಿನ ಕೊನೆಯಲ್ಲಿ ಒಂಟಿಯಾಗಿ ನಿಂತವನನ್ನು ಯಾರೂ ಕೇಳುವುದಿಲ್ಲ. ಹತ್ತು ಮಂದಿ ಒಟ್ಟಾಗಿ ನಿಂತರೆ ಕೇಳಲೇಬೇಕಾಗುತ್ತದೆ.