ಬೀಗದ ಕೈ ಯಾರ ಸೆರಗಿನಲ್ಲಿತ್ತು?

ಕಳೆದ ವರ್ಷ ಅಡಕೆ ಕೊಯ್ಲು ಮುಗಿದ ಮೇಲೆ ಕೋಣಂದೂರಿನ ನಮ್ಮ ಮನೆಗೆ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಬಂದಿದ್ದ. ಓಮ್ನಿಯನ್ನು ಅಂಗಳಕ್ಕೇ ತಂದು ನಿಲ್ಲಿಸಿ, ಜಗಲಿಯ ಮೇಲೆ ಕೂತು ಕಾಫಿ ಕುಡಿದ. ಮರಿಗೆ, ಕಡೆಗೋಲು, ಕಂಚಿನ ತಟ್ಟೆ ಎಲ್ಲವನ್ನೂ ನೋಡಿ ಮುಖ ಸಿಂಡರಿಸಿದ. ನಾಗಂದಿಗೆಯ ಮೇಲಿದ್ದ ನನ್ನಜ್ಜಿಯ ಒಡವೆ ಪೆಟ್ಟಿಗೆ ಕಂಡಿದ್ದೇ ತಡ, ದನಿ ಮೆತ್ತಗಾಯಿತು. ಮುಚ್ಚಳ ತೆಗೆದು ಮೂಸಿದ, ಹಿತ್ತಾಳೆ ಪಟ್ಟಿಯನ್ನು ಹೆಬ್ಬೆರಳಿನಿಂದ ಉಜ್ಜಿದ. "ಕೇರಳ ಪೆಟ್ಟಿಗೆ ಅಮ್ಮಾ ಇದು. ಆರು ಸಾವಿರ ಕೊಡ್ತೀನಿ."

ಅದು ಕೇರಳದ್ದಲ್ಲ. ತಲಶ್ಶೇರಿ ಕಡೆಯ ನೆಟ್ಟೂರು ಪೆಟ್ಟಿಗೆಗಳಿಗೆ ಮನೆಯ ಮಾಡಿನ ಹಾಗೆ ಇಳಿಜಾರಾದ ಮುಚ್ಚಳ ಇರುತ್ತದೆ. ನಮ್ಮದು ಚಪ್ಪಟೆ ಮುಚ್ಚಳದ್ದು, ಹಲಸಿನ ಮರದ್ದು, ನಮ್ಮ ಕಡೆಯದೇ ಬಡಗಿಯ ಕೈಯಲ್ಲಿ ಆದದ್ದು. ಪೇಟೆಯಲ್ಲಿ ಕೇರಳದ ಹೆಸರಿಗೆ ಬೆಲೆ ಹೆಚ್ಚು, ಅಷ್ಟೇ. ಹಿತ್ತಾಳೆ ಬಡಿದ ಪೆಟ್ಟಿಗೆಯನ್ನೆಲ್ಲ ಅಲ್ಲಿಯದೇ ಅಂದುಬಿಡುತ್ತಾರೆ. ನಾನು ಕೊಡುವುದಿಲ್ಲ ಎಂದೆ. ಏಳು ಸಾವಿರ ಎಂದ. "ಖಾಲಿ ಪೆಟ್ಟಿಗೆ ಇಟ್ಕೊಂಡು ಏನ್ ಮಾಡ್ತೀರಿ?" ಎಂದು ಕೇಳಿದ.

ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ. ಅದನ್ನು ಖಾಲಿ ಮಾಡಿದವಳು ನಾನೇ.

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ದುಡಿದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಕಾಲ ಲಾಕರ್ ಕೋಣೆಯ ಕೆಲಸ ನನ್ನದಾಗಿತ್ತು. ಲಾಕರಿಗೆ ಎರಡು ಬೀಗದ ಕೈ: ಒಂದು ಗಿರಾಕಿಯದು, ಇನ್ನೊಂದು ಬ್ಯಾಂಕಿನದು. ಎರಡೂ ತಿರುಗಿದರೆ ಮಾತ್ರ ಬಾಗಿಲು. ಆ ಎರಡನೆಯದು ನನ್ನ ಕೈಯಲ್ಲಿರುತ್ತಿತ್ತು. ಊರಿನ ಕಳ್ಳತನದ ಸುದ್ದಿಯನ್ನೆಲ್ಲ ಹೇಳಿ ಹೆದರಿಸಿ, ಎಷ್ಟೋ ಮನೆಯ ಒಡವೆಯನ್ನು ಮರದ ಪೆಟ್ಟಿಗೆಯಿಂದ ಉಕ್ಕಿನ ಪೆಟ್ಟಿಗೆಗೆ ಸಾಗಿಸಿದ್ದೇನೆ. ಮೊದಲು ಸಾಗಿಸಿದ್ದು ನಮ್ಮನೆಯದನ್ನೇ.

ಅಜ್ಜಿಯ ಪೆಟ್ಟಿಗೆ ಒಂದು ಮೊಳ ಉದ್ದ, ಒಂದು ಗೇಣು ಎತ್ತರ. ಹಲಸಿನ ಮರ ಹೊಸತರಲ್ಲಿ ಅರಿಸಿನದ ಬಣ್ಣ, ವರ್ಷ ಕಳೆದಂತೆ ಕಾಫಿ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಒಳಗೆ ಎತ್ತಿ ತೆಗೆಯುವ ತಟ್ಟೆ, ಅದರಲ್ಲಿ ಆರು ಖಾನೆ. ತಟ್ಟೆಯ ಕೆಳಗೆ ದೊಡ್ಡ ಒಡವೆ. ಎಡಬದಿಯ ಹಲಗೆ ಒತ್ತಿ ಸರಿಸಿದರೆ ಒಂದು ಕಳ್ಳಖಾನೆ. ಕೆಂಪಿನ ಬುಗುಡಿ, ಬೆಂಡೋಲೆ, ಅಡ್ಡಿಕೆ, ಜಡೆಬಿಲ್ಲೆ, ಒಂದೊಂದೂ ಆಚಾರಿ ಕೊಟ್ಟ ಗುಲಾಬಿ ಕಾಗದದಲ್ಲೇ ಸುತ್ತಿಕೊಂಡಿರುತ್ತಿದ್ದವು. ಕಳ್ಳಖಾನೆಯಲ್ಲಿ ಒಡವೆ ಇರಲಿಲ್ಲ. ಗಿರವಿ ಚೀಟಿಗಳು, ಕೋಳಿ ಮತ್ತು ತುಪ್ಪ ಮಾರಿದ ಪುಡಿ ದುಡ್ಡು, ಹುಟ್ಟಿ ತಿಂಗಳೊಳಗೆ ಹೋದ ಮಗುವಿನ ಒಂದು ಬೆಳ್ಳಿ ಕಡಗ.

"ಇದ್ರಲ್ಲಿ ಏನದೆ ಅಂತ ನಿಮ್ಮಜ್ಜಂಗೂ ಗೊತ್ತಿಲ್ಲ ಮಾರಾಯ್ತಿ" ಎಂದು ಅಜ್ಜಿ ನನಗೊಮ್ಮೆ ಹೇಳಿದ್ದರು. ಬೀಗದ ಕೈ ಅವರ ಸೆರಗಿನ ತುದಿಯ ಗಂಟಿನಲ್ಲಿರುತ್ತಿತ್ತು. ಸ್ನಾನಕ್ಕೆ ಹೋಗುವಾಗಲೂ ಬಚ್ಚಲೊಳಗೇ ಹೋಗುತ್ತಿತ್ತು. ಇಪ್ಪತ್ತೆರಡು ಜನ ಉಣ್ಣುವ ಮನೆ. ಮಲಗಲು ಅವರಿಗೆ ಸ್ವಂತ ಕೋಣೆಯಿಲ್ಲ, ತೋಟದ ಪಹಣಿಯಲ್ಲಿ ಹೆಸರಿಲ್ಲ. ಬೀಗ ಹಾಕಿ ನನ್ನದು ಎನ್ನಬಹುದಾದ ಜಾಗ ಆ ಒಂದು ಮೊಳ ಮಾತ್ರ.

ಒಡವೆಯೇನೂ ಅದರಲ್ಲಿ ಸುಖವಾಗಿ ಮಲಗಿರುತ್ತಿರಲಿಲ್ಲ. ಮಳೆಗಾಲ ಹಿಡಿಯುವಾಗ ಗದ್ದೆ ಖರ್ಚಿಗೆ, ಮಕ್ಕಳ ಸ್ಕೂಲಿನ ಫೀಸಿಗೆ ಅಡ್ಡಿಕೆ ತೀರ್ಥಹಳ್ಳಿಯ ಗಿರವಿ ಅಂಗಡಿಗೆ ಹೋಗುತ್ತಿತ್ತು. ಅಡಕೆ ಮಾರಿದ ಮೇಲೆ ವಾಪಸು. ಎಳ್ಳಮಾವಾಸ್ಯೆ ಜಾತ್ರೆಗೆ ಹಾಕಿಕೊಂಡು ಹೋಗುವಷ್ಟರಲ್ಲಿ ಬಂದರೆ ಆ ವರ್ಷ ಬೆಳೆ ಚೆನ್ನಾಗಿತ್ತು ಎಂದು ಲೆಕ್ಕ. ಕೊಡುವುದೋ ಬಿಡುವುದೋ ಅಜ್ಜಿಯೇ ನಿರ್ಧರಿಸಬೇಕಿತ್ತು, ಬೀಗ ತೆಗೆಯಬೇಕಾದವರು ಅವರು. ಅಜ್ಜ ಪೆಟ್ಟಿಗೆಯ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದುದನ್ನು ನಾನೇ ನೋಡಿದ್ದೇನೆ. 1963ರಲ್ಲಿ ಚಿನ್ನ ನಿಯಂತ್ರಣ ಬಂದು, ಹೊಸ ಒಡವೆಯನ್ನು 14 ಕ್ಯಾರೆಟ್ ಮೀರಿ ಮಾಡಬಾರದೆಂದಾಗ ಆಚಾರಿಗಳ ಕುಲುಮೆ ತಣ್ಣಗಾಯಿತಂತೆ. ಆಗ ಹಳೇ ಪೆಟ್ಟಿಗೆಯ ಹಳೇ ಚಿನ್ನಕ್ಕೆ ಇನ್ನಷ್ಟು ಗೌರವ ಬಂತು ಎನ್ನುತ್ತಿದ್ದರು.

ಹಳೆಯ ಒಡವೆ ಪೆಟ್ಟಿಗೆ ಎಂದರೆ ಪ್ರದರ್ಶನ, ಪುಸ್ತಕಗಳಲ್ಲಿ ಕಾಣುವುದು ಇಂಥದ್ದಲ್ಲ. ಅಲ್ಲಿರುವುದು ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಪೆಟ್ಟಿಗೆ. ಆ ಕೆಲಸಕ್ಕೆ ಯಾವ ಹೊಗಳಿಕೆಯೂ ಹೆಚ್ಚಲ್ಲ. ಮದುವೆಗೆ ಬೆಂಡಿನ ಬಾಸಿಂಗ ಕಟ್ಟುವ ಕೈಗಳೇ ಗಂಧದ ಚೇಗಿನ ಮೇಲೆ ಬಳ್ಳಿ, ಹೂವು, ಆನೆ, ದೇವರುಗಳನ್ನು ಬೆರಳು ಇಡಲು ಜಾಗ ಬಿಡದಂತೆ ಕೆತ್ತುತ್ತವೆ. ಪರಿಮಳವಿರುವುದು ಚೇಗಿನ ಎಣ್ಣೆಯಲ್ಲಿ. ಹೊರಗಿನ ಬಿಳಿ ಮರಕ್ಕೆ ವಾಸನೆಯಿಲ್ಲ. ಬಿ. ಎಲ್. ರೈಸ್ 19ನೇ ಶತಮಾನದಲ್ಲೇ ಮೈಸೂರು ಗೆಜೆಟಿಯರಿನಲ್ಲಿ ಈ ಕುಸುರಿಯ ಬಗ್ಗೆ ಬರೆದಿದ್ದಾನೆ. ದೊರೆಗಳಿಗೆ, ವೈಸರಾಯ್‌ಗಳಿಗೆ ಬಿನ್ನವತ್ತಳೆ ಅರ್ಪಿಸುವಾಗ ಅದನ್ನು ಗಂಧದ ಪೆಟ್ಟಿಗೆಯಲ್ಲಿಟ್ಟು ಕೊಡುವ ಪದ್ಧತಿಯೂ ಇತ್ತು. ಆದರೆ ಮರ ಸರಕಾರದ್ದು. 1792ರಲ್ಲಿ ಟಿಪ್ಪು ಗಂಧವನ್ನು ರಾಜವೃಕ್ಷ ಎಂದು ಸಾರಿದ. ನಮ್ಮ ಹಿತ್ತಲಲ್ಲಿ ಹುಟ್ಟಿದ ಗಂಧ ನಮ್ಮದು ಎಂದು ಕಾನೂನು ಒಪ್ಪಲು 2001ರ ತಿದ್ದುಪಡಿ ಬರಬೇಕಾಯಿತು. ಹಾಗಾಗಿ ಕೆತ್ತಿದ್ದು ನಮ್ಮ ಜಿಲ್ಲೆಯವರಾದರೂ ಆ ಪೆಟ್ಟಿಗೆ ನಮ್ಮ ಹೆಂಗಸರ ಕೈಗೆ ಬಂದದ್ದು ಕಡಿಮೆ. ನಾನು ಕಂಡದ್ದು ಒಂದೇ, ಹೊಸನಗರದ ಕಡೆಯ ದೊಡ್ಡ ಮನೆಯೊಂದರ ಮದುವೆಯಲ್ಲಿ. ಅದರ ಬೀಗದ ಕೈ ಆ ಮನೆಯ ಯಜಮಾನರ ಜೇಬಿನಲ್ಲಿತ್ತು.

ಅದನ್ನು ಕಂಡ ಮೇಲೆ ನನಗೆ ಕುಸುರಿಗಿಂತ ಬೀಗವೇ ಮುಖ್ಯವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿ ಶರಾವತಿ ಕಣಿವೆಯ ಊರುಗಳು ಮುಳುಗಿದವು. ಅಲ್ಲಿಂದ ಎದ್ದು ಬಂದ ಮುದುಕಿಯೊಬ್ಬರು ನಮ್ಮ ಶಾಖೆಗೆ ಬರುತ್ತಿದ್ದರು. ಗಂಡಸರು ಬಾಗಿಲು, ಕಂಬ, ಹೆಂಚು ಎಂದು ಗಾಡಿ ತುಂಬುತ್ತಿದ್ದಾಗ ತಾನು ಪೆಟ್ಟಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ ಎಂದು ಹೇಳುತ್ತಿದ್ದರು. ಅದರಲ್ಲಿದ್ದದ್ದು ಒಂದು ಜೊತೆ ಓಲೆ ಮಾತ್ರ.

ಈಗ ಲಾಕರಿನ ಮಾತು. ನಾನು ಕೆಲಸ ಮಾಡಿದ ಶಾಖೆಯ ಲಾಕರ್ ರಿಜಿಸ್ಟರು ನನಗೆ ಬಾಯಿಪಾಠ. ಹತ್ತರಲ್ಲಿ ಏಳೆಂಟು ಗಂಡನ ಹೆಸರಿನಲ್ಲಿ, ಉಳಿದವು ಗಂಡ ಹೆಂಡಿರ ಜಂಟಿ ಹೆಸರಿನಲ್ಲಿ. ಒಳಗಿರುವುದು ಹೆಂಗಸಿನ ತವರಿನ ಸರ, ಬಳೆ. ಮದುವೆಗೋ ಹಬ್ಬಕ್ಕೋ ಬೇಕೆಂದರೆ ಗಂಡ ಬರಬೇಕು, ಸಹಿ ಹಾಕಬೇಕು. ಒಬ್ಬರಂತೂ ಗಂಡ ತೀರಿ ಮೂರು ತಿಂಗಳಾದರೂ ತಮ್ಮ ತಾಯಿ ಕೊಟ್ಟ ಸರಕ್ಕಾಗಿ ಅರ್ಜಿ, ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನನ್ನ ಮೇಜಿನ ಮುಂದೆ ನಿಂತಿದ್ದರು. ನಾಮಿನಿ ಜಾಗದಲ್ಲಿ ಯಾರ ಹೆಸರೂ ಇರಲಿಲ್ಲ. ಬ್ಯಾಂಕಿನ ಬೀಗದ ಕೈ ನನ್ನ ಕೈಯಲ್ಲೇ ಇತ್ತು, ಅವರ ಬೀಗದ ಕೈ ಅವರ ಪರ್ಸಿನಲ್ಲೇ ಇತ್ತು. ಆದರೂ ನಾನು ತೆಗೆಯುವಂತಿರಲಿಲ್ಲ.

ಹಿಂದೂ ಉತ್ತರಾಧಿಕಾರ ಕಾಯ್ದೆ 1956ರಲ್ಲೇ ಹೆಂಗಸಿನ ಆಸ್ತಿ ಹೆಂಗಸಿನದೇ ಎಂದಿತು. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು, 2005ರಲ್ಲಿ ದೇಶಕ್ಕೇ ಆಯಿತು. ಕಾನೂನು ಇಷ್ಟೆಲ್ಲ ಕೊಡುತ್ತಿದ್ದ ಕಾಲದಲ್ಲೇ ಅಜ್ಜಿಯರಿಗೆ ಕಾನೂನಿಲ್ಲದೆಯೂ ಇದ್ದ ಆ ಒಂದು ಮೊಳವನ್ನು ನಾವು ಬಿಟ್ಟುಕೊಟ್ಟೆವು, ಅದೂ ಭದ್ರತೆಯ ಹೆಸರಿನಲ್ಲಿ. ಆ ಭದ್ರತೆಗೂ ಮಿತಿಯುಂಟು. 2022ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿ, ಕಳವು, ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವರ್ಷದ ಬಾಡಿಗೆಯ 100 ಪಟ್ಟು. ಬಾಡಿಗೆ 2,000 ರೂಪಾಯಿ ಇದ್ದರೆ 2 ಲಕ್ಷ. ಈಗಿನ ಬೆಲೆಗೆ ಅದರಲ್ಲಿ ಗಟ್ಟಿಯಾದ ಒಂದು ಜೊತೆ ಬಳೆ ಬಂದರೆ ಪುಣ್ಯ.

ಒಡವೆಯನ್ನು ಮತ್ತೆ ನಾಗಂದಿಗೆಗೆ ಏರಿಸಿ ಎನ್ನುವಷ್ಟು ಹುಂಬಿ ನಾನಲ್ಲ. ಒಂಟಿ ಮನೆಗಳ ಊರು ನಮ್ಮದು, ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಲಾಕರ್ ಇರಲಿ. ಪೆಟ್ಟಿಗೆಯನ್ನೂ ಇಟ್ಟುಕೊಳ್ಳಿ. ನೂರು ವರ್ಷ ದಾಟಿದ ಕಲಾವಸ್ತುವನ್ನು ದೇಶದಿಂದ ಆಚೆ ಸಾಗಿಸುವಂತಿಲ್ಲ ಎಂದು 1972ರ ಕಾಯ್ದೆ ಇದೆ. ನಾಗಂದಿಗೆಯಿಂದ ಓಮ್ನಿಗೆ ಇಳಿಯುವುದನ್ನು ಅದು ತಡೆಯುವುದಿಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿ ಈಗ ನನ್ನ ಪಿಂಚಣಿ ಪುಸ್ತಕ, ಉಯಿಲು, ಆ ಬೆಳ್ಳಿ ಕಡಗ ಇವೆ. ಖಾಲಿಯಿಲ್ಲ.

ಓದುವ ಹೆಂಗಸರಲ್ಲಿ ಒಂದೇ ಕೋರಿಕೆ. ಈ ವಾರ ನಿಮ್ಮ ಲಾಕರಿನ ಒಪ್ಪಂದದ ಕಾಗದ ಹುಡುಕಿ ತೆಗೆಯಿರಿ. ಮೊದಲ ಹೆಸರು ಯಾರದ್ದು, ನಾಮಿನಿ ಯಾರು ಎಂದು ನೋಡಿ. ನಿಮ್ಮ ಹೆಸರಿಲ್ಲದಿದ್ದರೆ ಸೋಮವಾರವೇ ಬ್ಯಾಂಕಿಗೆ ಹೋಗಿ ಬದಲಾವಣೆಯ ಅರ್ಜಿ ಕೇಳಿ.