ಬೆಳದಿಂಗಳ ಊಟ ಮತ್ತು ಹತ್ತೊಂಬತ್ತು ಮೆಟ್ಟಿಲು

ದಸರೆಯ ಗೊಂಬೆಗಳು ಪೆಟ್ಟಿಗೆ ಸೇರಿದ ಮೇಲೆ ಮನೆ ಭಣಭಣ ಎನ್ನುತ್ತದೆ. ಆದರೆ ಹಬ್ಬ ಪೂರ್ತಿ ಮುಗಿದಿಲ್ಲ, ಮಕ್ಕಳೇ. ವಿಜಯದಶಮಿಯಾಗಿ ಐದನೆಯ ದಿನಕ್ಕೆ ಹುಣ್ಣಿಮೆ. ಉತ್ತರ ಕರ್ನಾಟಕದ ಕಡೆ ಅದನ್ನು ಶೀಗಿ ಹುಣ್ಣಿಮೆ ಎನ್ನುತ್ತಾರೆ, ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಪೈರು ತುಂಬಿ ನಿಂತ ಭೂಮಿಯನ್ನು ಬಸುರಿ ಹೆಂಗಸೆಂದೇ ತಿಳಿದು, ಅವಳ ಬಯಕೆಯ ಅಡುಗೆಯನ್ನು ಹೊಲಕ್ಕೆ ಒಯ್ದು ಬಡಿಸಿ, ಮನೆಮಂದಿಯೂ ಅಲ್ಲೇ ಕೂತು ಉಣ್ಣುವ ಹಬ್ಬ ಅದು. ಹೊಲವಿಲ್ಲದ ಪಟ್ಟಣದವರಿಗೆ ಉಳಿದಿರುವುದು ತಾರಸಿ. ಸ್ನೇಹಿತರನ್ನು ಕರೆದು ಬೆಳದಿಂಗಳ ಊಟ ಹಾಕುವುದಕ್ಕೆ ಅದೇ ಸಾಕು.

ಈಗಿನವರು ಪಾರ್ಟಿ ಎಂದರೆ ಒಂದು ‘ಥೀಮ್’ ಇರಬೇಕು ಎನ್ನುತ್ತಾರೆ. ಬೆಳದಿಂಗಳ ಊಟಕ್ಕೆ ಅದನ್ನು ಹುಡುಕಿಕೊಂಡು ಹೋಗಬೇಕಿಲ್ಲ. ನಮ್ಮ ಮನೆಯಲ್ಲಿ ಎಲ್ಲವೂ ಬಿಳಿ. ಅಕ್ಕಿ ಶಾವಿಗೆ, ಅದಕ್ಕೆ ಸಕ್ಕರೆ ಹಾಕಿದ ಕಾಯಿಹಾಲು, ಮೂಲಂಗಿ ಕೋಸಂಬರಿ, ತೆಂಗಿನಕಾಯಿ ಚಟ್ನಿ, ಅರಳು ಸಂಡಿಗೆ, ಕೊನೆಗೆ ಮೊಸರನ್ನ. ಸಕ್ಕರೆ ಕಾಯಿಲೆಯವರಿಗೆ ಸಿಹಿ ಹಾಕದ ಕಾಯಿಹಾಲು ಬೇರೆ ಪಾತ್ರೆಯಲ್ಲಿ.

ಬಿಳಿಯೇ ಏಕೆ? ಚಂದ್ರನ ಬೆಳಕು ಅವನ ಸ್ವಂತದ್ದಲ್ಲ, ಸೂರ್ಯನಿಂದ ಸಾಲ ತಂದದ್ದು. ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣಗಳು ಸರಿಯಾಗಿ ತಿಳಿಯುವುದಿಲ್ಲ. ಕೆಂಪು ಸಾರು ಕಪ್ಪಾಗಿ ಕಾಣುತ್ತದೆ. ಬಿಳಿ ಪದಾರ್ಥ ಮಾತ್ರ ತಟ್ಟೆಯಲ್ಲಿ ಎದ್ದು ಕಾಣುತ್ತದೆ. ಒಂದು ಕ್ಯಾರೆಟ್ ತುಂಡು, ಒಂದು ಬೀಟ್‌ರೂಟ್ ತುಂಡು ತಾರಸಿಗೆ ಒಯ್ದು, ನೋಡಿಯೇ ಯಾವುದು ಯಾವುದೆಂದು ಹೇಳಿ, ನೋಡೋಣ! ಅಮ್ಮಂದಿರಿಗೂ ಒಂದು ಮಾತು: ಒಗ್ಗರಣೆಗೆ ಹಸಿಮೆಣಸಿನಕಾಯಿಯನ್ನು ಇಡಿಯಾಗಿ ಹಾಕಬೇಡಿ. ಕತ್ತಲಲ್ಲಿ ಅದು ಹುರುಳಿಕಾಯಿಯಂತೆ ಬಾಯಿಗೆ ಹೋಗುತ್ತದೆ.

ಮೊಸರನ್ನವನ್ನು ಮಧ್ಯಾಹ್ನವೇ ಕಲಸಿಡಬಹುದು. ಮೆತ್ತಗಾದ ಅನ್ನ ಉಗುರುಬೆಚ್ಚಗಿರುವಾಗ ಹಾಲು ಧಾರಾಳವಾಗಿ ಹಾಕಿ, ಮೊಸರು ಎರಡು ಚಮಚ ಮಾತ್ರ ಬೆರೆಸಿದರೆ ರಾತ್ರಿಯ ಹೊತ್ತಿಗೆ ಹದವಾಗಿ ಹೆಪ್ಪಾಗುತ್ತದೆ, ಹುಳಿಯಾಗುವುದಿಲ್ಲ. ನಾವು ಹನ್ನೆರಡು ಜನಕ್ಕೆ ಮುಕ್ಕಾಲು ಕೆ.ಜಿ. ಅಕ್ಕಿ ಇಟ್ಟಿದ್ದೆವು, ಸಾಕಾಯಿತು. ಎಲ್ಲವೂ ಮೊದಲೇ ಸಿದ್ಧವಾಗಿದ್ದರೆ ಅಡುಗೆ ಮಾಡಿದವರೂ ಜೊತೆಯಲ್ಲೇ ಕೂತು ಉಣ್ಣಬಹುದು. ಮನೆಯೊಡತಿ ಒಲೆಯ ಮುಂದೆ, ಅತಿಥಿಗಳು ತಾರಸಿಯ ಮೇಲೆ ಎಂದಾದರೆ ಅದು ಸ್ನೇಹಿತರ ಊಟವಲ್ಲ, ಹೋಟೆಲು.

ಹುಣ್ಣಿಮೆಯ ದಿನ ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿಗೇ. ಏಳೂವರೆಗೆಲ್ಲ ಪಕ್ಕದ ಮನೆಯ ನೀರಿನ ಟ್ಯಾಂಕು ದಾಟಿ ಮೇಲೆ ಬಂದಿರುತ್ತಾನೆ. ದೀಪ ಆರಿಸಿದ ಮೇಲೆ ಕಣ್ಣು ಕತ್ತಲೆಗೆ ಒಗ್ಗಲು 20ರಿಂದ 30 ನಿಮಿಷ ಬೇಕು, ವಯಸ್ಸಾದವರಿಗೆ ಇನ್ನೂ ಸ್ವಲ್ಪ ಹೆಚ್ಚು. ನಡುವೆ ಯಾರಾದರೂ ಮೊಬೈಲ್ ತೆರೆದರೆ ಎಲ್ಲವೂ ಮತ್ತೆ ಮೊದಲಿನಿಂದ. ಅದಕ್ಕೇ ನಮ್ಮಲ್ಲಿ ಮೊಬೈಲುಗಳೆಲ್ಲ ಕೆಳಗೆ ಒಂದು ಬುಟ್ಟಿಯಲ್ಲಿ.

ಇನ್ನು ಮುಖ್ಯವಾದ ಸಂಗತಿ. ನನ್ನ ವಯಸ್ಸಿನ ಎಷ್ಟೋ ಜನ ಕತ್ತಲಾದ ಮೇಲೆ ಹೊರಗೆ ಬರುವುದನ್ನೇ ಬಿಟ್ಟಿದ್ದಾರೆ. ಊಟ ಬೇಡವೆಂದಲ್ಲ, ಸ್ನೇಹಿತರು ಬೇಡವೆಂದೂ ಅಲ್ಲ. ಮೆಟ್ಟಿಲಿನ ಭಯ, ಮರಳಿ ಹೋಗುವ ಚಿಂತೆ. ಕಳೆದ ವರ್ಷ ನನ್ನ ಜೊತೆ ಕ್ಯಾಷ್ ಕೌಂಟರಿನಲ್ಲಿ ಕೂರುತ್ತಿದ್ದ ಸ್ನೇಹಿತನಿಗೆ ಫೋನ್ ಮಾಡಿದೆ. ಹೆಂಡತಿ ತೀರಿಕೊಂಡ ಮೇಲೆ ಅವನು ಒಬ್ಬನೇ ಇದ್ದಾನೆ. “ಬೇಡಪ್ಪ, ಕತ್ತಲಲ್ಲಿ ಮೆಟ್ಟಿಲು ಕಾಣೋಲ್ಲ. ನೀವೆಲ್ಲ ಊಟ ಮಾಡಿ, ನನ್ನ ಹೆಸರು ಹೇಳಿ” ಎಂದ.

ಇದನ್ನು ಕೇಳಿಸಿಕೊಂಡ ನನ್ನ ಮೊಮ್ಮಗಳು, ಆರನೇ ಕ್ಲಾಸು, ಎದ್ದು ಹೋಗಿ ಮೆಟ್ಟಿಲು ಎಣಿಸಿ ಬಂದಳು. ಹತ್ತೊಂಬತ್ತು. ಪ್ರತಿ ಮೆಟ್ಟಿಲಿನ ಅಂಚಿಗೂ ಸುಣ್ಣದ ಪಟ್ಟೆ ಎಳೆದಳು. ಮೆಟ್ಟಿಲಿನ ದೀಪವನ್ನು ಯಾರೂ ಆರಿಸಬಾರದೆಂದು ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಿದಳು. ಸಂಜೆ ಆರಕ್ಕೆ, ಇನ್ನೂ ಬೆಳಕಿರುವಾಗಲೇ, ನನ್ನ ಮಗನ ಜೊತೆ ಆಟೋದಲ್ಲಿ ಹೋಗಿ ಅವನನ್ನು ಕರೆತಂದಳು. ಮೇಲೆ ಹತ್ತುವಾಗ ಅವನ ಕೈ ಹಿಡಿದು ಎಣಿಸುತ್ತಾ ಬಂದಳು: “ತಾತ, ಇನ್ನು ಏಳೇ ಏಳು.”

ಮಂಡಿನೋವಿನವರಿಗೆ ಕುರ್ಚಿ, ಉಳಿದವರಿಗೆ ಜಮಖಾನ. ನನ್ನಾಕೆ ಮೊಸರನ್ನದ ಬೋಗುಣಿ ಮುಂದಿಟ್ಟುಕೊಂಡು ಕೂತಳು, ಮಕ್ಕಳು ಸುತ್ತ ಕೈ ಚಾಚಿದರು. ಒಂದೊಂದು ಕೈಗೆ ಒಂದೊಂದು ತುತ್ತು, ತುತ್ತಿನ ನಡುವೆ ಗುಳಿ ಮಾಡಿ ಅದರೊಳಗೆ ಉಪ್ಪಿನಕಾಯಿಯ ರಸ. ಮಕ್ಕಳ ಸಾಲಿನಲ್ಲಿ ಒಂದು ಸುಕ್ಕುಗಟ್ಟಿದ ಕೈಯೂ ಚಾಚಿಕೊಂಡಿತು. ನನ್ನ ಸ್ನೇಹಿತ ಕುರ್ಚಿಯನ್ನು ಅಲ್ಲಿಗೇ ಎಳೆದುಕೊಂಡಿದ್ದ! ನನ್ನಾಕೆ ಏನೂ ಹೇಳದೆ ತುತ್ತಿಟ್ಟಳು. ಅವನು ಐದು ತುತ್ತು ತಿಂದ. ಲೆಕ್ಕ ಇಟ್ಟದ್ದು ನಾನಲ್ಲ, ಮೊಮ್ಮಗಳು.

ಹಾಗಾಗಿ ಅಜ್ಜ-ಅಜ್ಜಿಯರೇ, ಕರೆಯುವಾಗ “ಬನ್ನಿ” ಎಂದಷ್ಟೇ ಹೇಳಬೇಡಿ. “ಆರು ಗಂಟೆಗೆ ಬಂದು ಕರೆದುಕೊಂಡು ಹೋಗುತ್ತೇವೆ, ಒಂಬತ್ತಕ್ಕೆ ಮನೆ ಮುಟ್ಟಿಸುತ್ತೇವೆ” ಎನ್ನಿ. ಕರೆಯೆಂದರೆ ಅದೂ ಸೇರಿಯೇ. ಮಕ್ಕಳೇ, ಬರುವ ಹಿರಿಯರಲ್ಲಿ ಒಬ್ಬೊಬ್ಬರನ್ನು ನೀವು ಒಬ್ಬೊಬ್ಬರು ವಹಿಸಿಕೊಳ್ಳಿ. ಮೆಟ್ಟಿಲಿನಲ್ಲಿ ಕೈ, ಊಟದಲ್ಲಿ ನೀರಿನ ಲೋಟ, ಹೊರಡುವಾಗ ಚಪ್ಪಲಿ, ಇಷ್ಟೇ ಕೆಲಸ. ಅಶ್ವಯುಜ ಮಾಸದಲ್ಲಿ ಮಳೆ ಹೇಳಿ ಕೇಳಿ ಬರುವುದಿಲ್ಲ. ಮೋಡ ಕವಿದರೆ ನಡುಮನೆಯಲ್ಲಿ ಎರಡು ಎಣ್ಣೆ ದೀಪ ಹಚ್ಚಿ ಅದೇ ಊಟ ಮಾಡಿ. ಚಂದ್ರ ಬರದಿದ್ದರೂ ಕರೆದವರು ಬಂದಿರುತ್ತಾರಲ್ಲ.

ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಈ ಸಲ ಆಗದಿದ್ದರೆ ಕಾರ್ತೀಕದ ಹುಣ್ಣಿಮೆ ಇದ್ದೇ ಇದೆ. ಯಾರು ಕತ್ತಲಾದ ಮೇಲೆ ಮನೆಯಲ್ಲಿ ಒಬ್ಬರೇ ಇರುತ್ತಾರೆಂದು ನೆನಪು ಮಾಡಿಕೊಂಡು, ಪಟ್ಟಿಯಲ್ಲಿ ಮೊದಲು ಅವರ ಹೆಸರು ಬರೆಯಿರಿ.