ಮಕ್ಕಳ ಸಂತೆಯೂ ಬಾಡಿದ ಕೊತ್ತಂಬರಿಯೂ

ನಮ್ಮ ಶಾಲೆಯ ಮಕ್ಕಳ ಸಂತೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆಟದ ಬಯಲಿನಲ್ಲಿ ಗೋಣಿಚೀಲ ಹಾಸಿ, ತಕ್ಕಡಿ ಹಿಡಿದು, ಗುರುಗಳೊಡನೆಯೇ ಚೌಕಾಶಿಗೆ ನಿಂತವರು ನೀವು. ಒಂದು ವರ್ಷ ಏಳನೆಯ ತರಗತಿಯ ಹುಡುಗನೊಬ್ಬ ಕೊತ್ತಂಬರಿ ಸೊಪ್ಪು ತಂದಿದ್ದ. ಮಧ್ಯಾಹ್ನದ ಬಿಸಿಲಿಗೆ ಸೊಪ್ಪು ಬಾಡಿತು, ಅರ್ಧದಷ್ಟು ಕಟ್ಟುಗಳು ಉಳಿದವು. ಅವನ ಮುಖ ನೋಡಲಾರದೆ ಉಳಿದುದನ್ನೆಲ್ಲ ನಾನೇ ಪೂರ್ಣ ಬೆಲೆಗೆ ಕೊಂಡೆ. (ಮನೆಯಲ್ಲಿ ಎರಡು ದಿನ ಚಟ್ನಿಯೋ ಚಟ್ನಿ!) ಅಂದು ಅದು ಕರುಣೆಯೆನಿಸಿತ್ತು. ಆ ದಿನ ಅವನಿಗೆ ಸಿಗಬೇಕಿದ್ದ ನಿಜವಾದ ಪಾಠವನ್ನು ನಾನೇ ಕಸಿದುಕೊಂಡೆನೆಂದು ಈಗ ತೋರುತ್ತದೆ. ನೀರು ಯಾವಾಗ ಚಿಮುಕಿಸಬೇಕು, ಬೆಲೆ ಯಾವ ಹೊತ್ತಿಗೆ ಇಳಿಸಬೇಕು ಎಂಬುದನ್ನು ಊರ ಸಂತೆಯಲ್ಲಿ ಸೊಪ್ಪು ಮಾರುವ ಯಾವ ಹೆಂಗಸಾದರೂ ಹೇಳಿಕೊಡುತ್ತಿದ್ದಳು. ಆಕೆಯನ್ನು ಶಾಲೆಗೆ ಕರೆಯಬೇಕೆಂದು ನಮಗೆ ಹೊಳೆಯಲೇ ಇಲ್ಲ. ಉದ್ಘಾಟನೆಗೆ ಮಾತ್ರ ಗಣ್ಯರನ್ನು ಕರೆಯುತ್ತಿದ್ದೆವು.

ಆರರಿಂದ ಎಂಟನೆಯ ತರಗತಿಯೊಳಗೆ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2021ರಲ್ಲಿ ಹಿರಿಯ ವಿದ್ಯಾರ್ಥಿಗಳಿಗೆ ತಲಾ 2000 ರೂಪಾಯಿ ಬಂಡವಾಳ ಕೊಟ್ಟು ಉದ್ಯಮ ಮಾಡಿಸಿದ್ದೂ ಉಂಟು. ಎರಡೂ ಒಳ್ಳೆಯ ಆಲೋಚನೆಗಳೇ. ಆದರೆ ಸಹಭಾಗಿತ್ವವೆಂದೊಡನೆ ನಮ್ಮ ಶಾಲೆಗಳು ನಗರದ ದೊಡ್ಡ ಕಂಪನಿಯನ್ನೇ ಅರಸುವುದೇಕೆ? ಊರಿನ ಹಾಲು ಉತ್ಪಾದಕರ ಸಹಕಾರ ಸಂಘವಿಲ್ಲವೇ? ಮುಂಜಾನೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವ ಮಗುವಿಗೆ ಕೊಬ್ಬಿನಂಶಕ್ಕೂ ಬೆಲೆಗೂ ಇರುವ ನಂಟನ್ನು ಕಾರ್ಯದರ್ಶಿ ಹದಿನೈದು ನಿಮಿಷದಲ್ಲಿ ತಿಳಿಸಬಲ್ಲ. ಹಿಂಡಿ, ಬೂಸಾ, ಪಶುವೈದ್ಯರ ಖರ್ಚು ಕಳೆದು ಲೀಟರಿಗೆ ಎಷ್ಟು ಉಳಿಯಿತೆಂಬುದು ನಾನು ಕಪ್ಪುಹಲಗೆಯ ಮೇಲೆ ಬರೆಸಿದ ಲಾಭ-ನಷ್ಟದ ಲೆಕ್ಕಗಳೆಲ್ಲಕ್ಕಿಂತ ದೊಡ್ಡ ಲೆಕ್ಕ.

ಒಂದು ಭಯ ನನಗೂ ಇದೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ತಮ್ಮ ಶಿಕ್ಷಣ ಯೋಜನೆಯನ್ನು ಮುಂದಿಟ್ಟಾಗ, ಮಕ್ಕಳ ಕೈಕೆಲಸದ ಆದಾಯದಿಂದಲೇ ಶಾಲೆ ನಡೆಯಬೇಕೆಂಬ ಮಾತಿಗೆ ಆಕ್ಷೇಪ ಎದ್ದಿತ್ತು. ಆ ಆಕ್ಷೇಪ ಇಂದಿಗೂ ಹಳತಾಗಿಲ್ಲ. ಅಂಗಡಿಯವನು ಹುಡುಗನ ಕೈಗೆ ಪೊರಕೆ ಕೊಟ್ಟು ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟರೆ ಅದು ಕಲಿಕೆಯಲ್ಲ, ಬಿಟ್ಟಿ ಚಾಕರಿ. ಪುಸ್ತಕ ತೆರೆದು ತೋರಿಸುವವನ ಬಳಿಗಷ್ಟೇ ಮಕ್ಕಳನ್ನು ಕಳುಹಿಸಬೇಕು. ಜೊತೆಗೆ ಉಪಾಧ್ಯಾಯರೂ ಹೋಗಬೇಕು.

ನಿಮ್ಮಲ್ಲಿ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ ನಡೆಸುವವರಿದ್ದೀರಿ. ವರ್ಷಕ್ಕೆ ನಾಲ್ಕು ಮಧ್ಯಾಹ್ನ ನಿಮ್ಮೂರ ಶಾಲೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ವಸೂಲಾಗದ ಸಾಲದ ಪುಟವನ್ನೂ ಅವರಿಗೆ ತೋರಿಸಿ.